ತಕ್ಕಡಿಗೆ ಬೆನ್ನು ತಿರುಗಿಸಿದವಳು

ನನ್ನ ಸೋದರತ್ತೆ ನಡೆಯುವಾಗ ಬಲಕ್ಕೆ ವಾಲುತ್ತಿದ್ದಳು. ಇಪ್ಪತ್ತೆಂಟು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ, ಹಿತ್ತಾಳೆಯ ತೂಕಗಳನ್ನು ಮಖಮಲ್ಲಿನ ಗುಳಿಗಳಲ್ಲಿ ಮಲಗಿಸಿದ್ದ ಮರದ ಪೆಟ್ಟಿಗೆಯನ್ನು ಬಲಗೈಯಲ್ಲಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದ ಫಲವಾಗಿ ಆ ವಾಲು ಅವಳ ಮೂಳೆಗೇ ಇಳಿದಿತ್ತು. ಬರಿಗೈಯಲ್ಲಿ ಚರ್ಚಿಗೆ ಹೊರಟಾಗಲೂ ಕಣ್ಣಿಗೆ ಕಾಣದ ಪೆಟ್ಟಿಗೆಯೊಂದು ಅವಳ ಜೊತೆಗೇ ಹೊರಟಂತಿರುತ್ತಿತ್ತು. ಮೇಲೆ ಒಂದು ಬೂದುಬಣ್ಣದ ಕೋಟು, ಅದರ ಎಡಜೇಬಿನಲ್ಲಿ ಸೀಸದ ಮುದ್ರೆಗಳು, ಬಲಜೇಬಿನಲ್ಲಿ ಇಕ್ಕಳ. ತೂಕಗಳನ್ನು ಅವಳು ಎಂದೂ ಕೈಯಿಂದ ಮುಟ್ಟಿದವಳಲ್ಲ. ಬೆರಳಿನ ಬೆವರೂ ತೂಗುತ್ತದೆ ಎಂದು ಚಿಮಟದಿಂದಲೇ ಎತ್ತುವಳು, ಮುಳ್ಳು ನಿಲ್ಲುವವರೆಗೆ ರೆಪ್ಪೆ ಮಿಟುಕಿಸದೆ ನೋಡುವಳು. ಅಂಗಡಿಯವರು ಅವಳಿಗೆ ಗುಲಗಂಜಿ ಎಂದು ಅಡ್ಡಹೆಸರಿಟ್ಟಿದ್ದರು. ಅವಳಿಗೆ ಅದು ಗೊತ್ತಿತ್ತು. ಗುಲಗಂಜಿಗಳೆಲ್ಲ ಒಂದೇ ತೂಕವಿರುವುದಿಲ್ಲ ಎಂಬುದೊಂದೇ ಅವಳ ತಕರಾರು.

‘ಸ್ವಲ್ಪ’ ಎಂಬ ಪದ ಕಿವಿಗೆ ಬಿದ್ದರೆ ಅವಳಿಗೆ ಮೈ ಉರಿಯುತ್ತಿತ್ತು. ತಲೆ ಸ್ವಲ್ಪ ನೋಯುತ್ತಿದೆ ಎಂದು ನಾನು ಹೇಳಿದರೆ, ಕೈಯಲ್ಲಿದ್ದ ಕೆಲಸ ನಿಲ್ಲಿಸಿ, “ಸ್ವಲ್ಪ ಅಂದ್ರೆ ಎಷ್ಟು?” ಎನ್ನುವಳು. ಒಮ್ಮೆ ದಿನಸಿ ಅಂಗಡಿಯೊಂದರ ತಕ್ಕಡಿಯಲ್ಲಿ ಏಳು ಗ್ರಾಂ ವ್ಯತ್ಯಾಸ ಕಂಡು ಮುಟ್ಟುಗೋಲು ಹಾಕಿದಾಗ, ಅಂಗಡಿಯವನು ಕೈಮುಗಿದು, “ಮನೇಲಿ ಮಗಳ ಮದುವೆ ಮೇಡಮ್, ಒಂದು ವಾರ ಬಿಟ್ಬಿಡಿ” ಎಂದು ಗೋಗರೆದನಂತೆ. “ಮದುವೆಗೂ ಏಳು ಗ್ರಾಮಿಗೂ ಏನ್ರೀ ಸಂಬಂಧ?” ಎಂದು ಇವಳು ರಸೀದಿ ಹರಿದುಕೊಟ್ಟು ಬಂದಳು. ಒಂದೇ ಅಡುಗೆಮನೆಯಲ್ಲಿ ಅವಳೊಡನೆ ಏಗಬೇಕಾಗಿದ್ದ ನನ್ನ ತಾಯಿ ಅಪ್ಪನಿಗೆ ಹೇಳುತ್ತಿದ್ದಳು: “ನಿಮ್ಮ ತಂಗಿ ಸ್ವರ್ಗಕ್ಕೆ ಹೋದ್ರೂ ದೇವದೂತರ ರೆಕ್ಕೆ ಬಿಚ್ಚಿಸಿ ತೂಗಿ ನೋಡ್ತಾಳೆ, ನೋಡ್ತಿರಿ.”

ಇಂಥವಳು ಒಂದು ಈಸ್ಟರ್ ಬೆಳಗ್ಗೆ ಎಲ್ಲರೆದುರು ಮಾಡಿದ ಕೆಲಸದಿಂದ ಆದ ಆಘಾತ, ಇಪ್ಪತ್ತೆರಡು ವರ್ಷಗಳಾದರೂ ನನ್ನನ್ನು ಪೂರ್ತಿ ಬಿಟ್ಟಿಲ್ಲ.

ಅತ್ತೆಯ ಗಂಡ ಮದುವೆಯಾದ ಮೂರನೆಯ ವರ್ಷಕ್ಕೇ ತೀರಿಕೊಂಡಿದ್ದರಿಂದ ಅವಳೂ ಮಗಳೂ ನಮ್ಮ ಮನೆಯ ಮಹಡಿಯ ಎರಡು ಕೋಣೆಗಳಲ್ಲಿದ್ದರು. ಮಗಳನ್ನು ನಾವು ಚಿಲಿಪಿಲಿ ಎಂದು ಕರೆಯುತ್ತಿದ್ದೆವು. ಮೆಟ್ಟಿಲಿಳಿಯುವಾಗ ಮಾತು, ಹಲ್ಲುಜ್ಜುವಾಗ ಮಾತು, ನಿದ್ದೆಯಲ್ಲೂ ಯಾರೊಂದಿಗೋ ವಾದ. ತಿಂಗಳ ಮೊದಲ ದಿನ ಅತ್ತೆ ಅವಳನ್ನು ತೂಗಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುವಳು. ಆ ಅಂಕಿ ಏರಿದಾಗ ಅತ್ತೆಯ ಮುಖದಲ್ಲಿ ಮೂಡುತ್ತಿದ್ದ ನಗುವನ್ನು ಬೇರೆಲ್ಲೂ ನಾನು ಕಂಡವನಲ್ಲ.

ಚಿಲಿಪಿಲಿಗೆ ಏಳು ವರ್ಷವಾಗಿದ್ದಾಗ ಜ್ವರ ಬಂದು ಎರಡು ಸಲ ಸೆಳೆತ ಕಾಣಿಸಿತು. ವೈದ್ಯರು ಚೀಟಿ ಬರೆದರು. ಬೀದಿಯ ತಿರುವಿನ ಔಷಧಿ ಅಂಗಡಿಯ ಕಾಂಪೌಂಡರು ಪುಡಿ ತೂಗಿ, ನೀರಿನಲ್ಲಿ ಬೆರೆಸಿ, ಬಾಟಲಿಗೆ ತುಂಬಿ ಕೊಟ್ಟರು. ಅವರು ಹೊರಗಿನವರೇನಲ್ಲ, ನಮ್ಮ ಚರ್ಚಿನ ಗಾಯನವೃಂದದಲ್ಲಿ ತಗ್ಗುದನಿಯಲ್ಲಿ ಹಾಡುವವರು, ಚಿಲಿಪಿಲಿಗೆ ಭಾನುವಾರದ ಶಾಲೆಯಲ್ಲಿ ಪದ್ಯ ಹೇಳಿಕೊಟ್ಟವರು. ಚೀಟಿಯಲ್ಲಿದ್ದ ದಶಮಾಂಶದ ಚುಕ್ಕೆಯೊಂದು ಆ ದಿನ ಅವರ ಕಣ್ಣಿಗೆ ಬೀಳಲಿಲ್ಲ. ಬೆರೆಸಿದ್ದು ಹತ್ತು ಪಟ್ಟಾಯಿತು. ಮಧ್ಯಾಹ್ನ ಔಷಧಿ ಕುಡಿದ ಮಗು ಸದ್ದಿಲ್ಲದೆ ಮಲಗಿತು. ಜ್ವರ ಇಳಿಯುತ್ತಿದೆ, ಮಲಗಲಿ ಎಂದು ಅತ್ತೆ ಕದ ಮುಂದೆ ಮಾಡಿದಳು. ಸಂಜೆ ಎಬ್ಬಿಸಲು ಹೋದಾಗ ಮಹಡಿಯಿಂದ ಕೇಳಿಬಂದದ್ದನ್ನು ನಾವು ಮೊದಲು ಅಳುವೆಂದು ಗುರುತಿಸಲೇ ಇಲ್ಲ. ಬೀರು ಉರುಳಿತೆಂದು ತಿಳಿದು ಅಪ್ಪ ಓಡಿದರು.

ನ್ಯಾಯಾಲಯದಲ್ಲಿ ಅತ್ತೆ ಕಣ್ಣೀರು ಹಾಕಲಿಲ್ಲ. ಸಾಕ್ಷಿಯ ಕಟ್ಟೆಯಲ್ಲಿ ಅದೇ ಕೋಟು ತೊಟ್ಟು ನಿಂತು, “ನನ್ನ ಮಗಳ ತೂಕ ಹತ್ತೊಂಬತ್ತು ಕಿಲೋ ನಾನೂರು ಗ್ರಾಂ” ಎಂದು ಆರಂಭಿಸಿ, ಆ ತೂಕದ ಮಗುವಿಗೆ ಸಲ್ಲಬೇಕಾದದ್ದು ಎಷ್ಟು, ಸಂದದ್ದು ಎಷ್ಟು ಎಂಬುದನ್ನು ಒಂದೊಂದಾಗಿ ಹೇಳುತ್ತಹೋದಳು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟರು. ಕಾಂಪೌಂಡರು ವಕೀಲರ ಮಾತು ಕೇಳದೆ, “ಚೀಟಿ ಸರಿಯಾಗೇ ಇತ್ತು. ತಪ್ಪು ನಂದು” ಎಂದುಬಿಟ್ಟರು. ಎರಡು ವರ್ಷ ಸೆರೆಮನೆ; ಬಿಡುಗಡೆಯಾದ ಮೇಲೂ ಮೂರು ವರ್ಷ ಔಷಧಿ ಮುಟ್ಟಬಾರದೆಂದು ಆಜ್ಞೆ.

ಮಗು ಹೋದ ಒಂದು ತಿಂಗಳಿಗೆ ಪಾದ್ರಿಗಳು ಮನೆಗೆ ಬಂದರು. ಮೃದು ಸ್ವಭಾವದ, ಮಾತಿಗೆ ಮೊದಲು ಗಂಟಲು ಸರಿಪಡಿಸಿಕೊಳ್ಳುವ ಮನುಷ್ಯ. “ಮಗು ನಿಮ್ಮ ನೆನಪಿನಲ್ಲಿ ಸದಾ ಬದುಕಿರ್ತಾಳಮ್ಮ” ಎಂದರು.

“ನೆನಪಿರೋದು ನನ್ನ ತಲೇಲಿ, ಪಾದ್ರಿಗಳೇ. ನಾನು ಸತ್ತ ಮೇಲೆ?”

ಅಮ್ಮ ತಂದ ಚಹಾ ಅವರ ಕೈಯಲ್ಲೇ ಉಳಿಯಿತು. ಅತ್ತೆ ಬಿಡಲಿಲ್ಲ. “ಪ್ರತಿ ಈಸ್ಟರಿಗೂ ನೀವು ಕ್ರಿಸ್ತನು ಎದ್ದಿದ್ದಾನೆ ಅಂತೀರಿ. ನಾವು ನಿಜವಾಗಿ ಎದ್ದಿದ್ದಾನೆ ಅಂತೀವಿ. ಸತ್ತವನು ನಿಜವಾಗಿ ಎದ್ದ ಅಂದ್ರೆ ಎಷ್ಟು ನಿಜ?”

ನನ್ನ ತಾಯಿ ನಾಚಿಕೆಯಿಂದ ತಲೆ ತಗ್ಗಿಸಿದಳು. ಪಾದ್ರಿಗಳು ಚಹಾದ ಲೋಟ ಕೆಳಗಿಟ್ಟರು. ಆಮೇಲೆ, ಉಪದೇಶದ ಧಾಟಿಯನ್ನೆಲ್ಲ ಬದಿಗಿಟ್ಟು, “ಅದರಲ್ಲಿ ಅರ್ಧ ನಿಜ ಅನ್ನೋದಿಲ್ಲಮ್ಮ. ಆಗಿದ್ರೆ ಪೂರ್ತಿ ಆಗಿದೆ. ಆಗಿಲ್ಲಾಂದ್ರೆ ನಾನು ಈ ಕೆಲಸ ಬಿಡಬೇಕು” ಎಂದರು. “ನಾನು ಆಗಿದೆ ಅಂತ ನಂಬಿದೀನಿ.”

“ನಂಗೆ ಇನ್ನೂ ಗೊತ್ತಿಲ್ಲ. ಗೊತ್ತಾಗೋವರೆಗೂ ನಾನು ಆ ಮಾತು ಹೇಳಲ್ಲ” ಎಂದಳು ಅತ್ತೆ.

ಹೇಳಲೂ ಇಲ್ಲ. ಐದು ಈಸ್ಟರುಗಳಲ್ಲಿ ಅವಳು ಎಲ್ಲರ ನಡುವೆ ಎದ್ದುನಿಂತು ತುಟಿ ಬಿಗಿದುಕೊಂಡಿದ್ದಳು. ಚರ್ಚು ತಪ್ಪಿಸಲಿಲ್ಲ, ಹಾಡಲಿಲ್ಲ, ಕೊನೆಯ ಆಶೀರ್ವಾದಕ್ಕೆ ಕಾಯದೆ ವಾಲುತ್ತ ಮನೆಗೆ ನಡೆದುಬಿಡುವಳು. ಮಹಡಿಯ ಗೋಡೆಗೆ ಸುಣ್ಣ ಬಳಿಸಲು ಅಪ್ಪ ಹೊರಟಾಗ ಮೆಟ್ಟಿಲಿಗೆ ಅಡ್ಡ ಕುಳಿತಳು.

ಆರನೆಯ ವರ್ಷ ಕಾಂಪೌಂಡರು ಪರವಾನಗಿ ಮರಳಿ ಪಡೆದು ಅದೇ ತಿರುವಿನಲ್ಲಿ ಅದೇ ಅಂಗಡಿಯ ಬಾಗಿಲು ತೆಗೆದರು. ಅವರ ಹೆಂಡತಿ ತವರಿಗೆ ಹೋದವಳು ಬಂದಿರಲಿಲ್ಲ. ಗಿರಾಕಿಯೆಂದು ಒಬ್ಬರೂ ಒಳಗೆ ಕಾಲಿಡಲಿಲ್ಲ. ಬೀದಿಯ ಜನ ತಲೆನೋವಿನ ಮಾತ್ರೆಗೂ ಒಂದು ಮೈಲಿ ನಡೆದುಹೋಗುತ್ತಿದ್ದರು. ಚರ್ಚಿಗೆ ಬರುವ ಧೈರ್ಯವಿಲ್ಲದೆ ಅವರು ಭಾನುವಾರವೂ ಅಂಗಡಿ ತೆಗೆದು, ಒರೆಸಿದ ಗಾಜನ್ನೇ ಒರೆಸುತ್ತ ಕೂರುತ್ತಿದ್ದರು. ಹೊಸ ತಕ್ಕಡಿಗೆ ಇಲಾಖೆಯ ಮುದ್ರೆ ಬೇಕು. ಆ ಬೀದಿ ಅತ್ತೆಯ ಸರಹದ್ದಿನದು. ಬೇರೆಯವರನ್ನು ಕಳಿಸುತ್ತೇನೆಂದು ಮೇಲಧಿಕಾರಿ ಹೇಳಿದರೂ ಅವಳು ಒಪ್ಪದೆ, ಈಸ್ಟರಿನ ಹಿಂದಿನ ದಿನ ಪೆಟ್ಟಿಗೆ ಹಿಡಿದು ತಾನೇ ಹೋದಳು.

ಒಂದೂವರೆ ಗಂಟೆ ಅಲ್ಲಿದ್ದಳಂತೆ. ಹತ್ತು ನಿಮಿಷದ ಕೆಲಸ. ಕಾಂಪೌಂಡರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೂಲೆಯಲ್ಲಿ ನಿಂತಿದ್ದರು. ಮಧ್ಯಾಹ್ನ ಮನೆಗೆ ಬಂದವಳು ಊಟಕ್ಕೆ ಕೂರದೆ ನನ್ನೆದುರು ಪೆಟ್ಟಿಗೆಯಿಟ್ಟು ಹೇಳಿದ ಮಾತಿಗೆ ನಾನು ಬೆಚ್ಚಿಬಿದ್ದೆ.

“ತಪ್ಪು ಸಿಗಲಿ ಅಂತ ದೇವರನ್ನ ಬೇಡ್ಕೊಂಡು ಹೋಗಿದ್ದೆ, ಮರಿ. ಕೂದಲೆಳೆಯಷ್ಟು ಸಿಕ್ಕಿದ್ರೂ ಆ ಅಂಗಡಿಗೆ ಬೀಗ ಹಾಕಿಸ್ತಿದ್ದೆ. ಐದು ಸಲ ತೂಗಿದೆ. ಸಿಗ್ಲಿಲ್ಲ. ಆರನೇ ಸಲ ತೂಗೋಕೆ ಹೊರಟಾಗ ನನ್ನ ಕೈ ನೋಡಿ ನಂಗೇ ಅಸಹ್ಯ ಆಯ್ತು.”

“ಆಮೇಲೆ?”

“ಮುದ್ರೆ ಹಾಕಿ ಬಂದೆ. ಇನ್ನೇನ್ ಮಾಡ್ಲಿ?”

ಮರುದಿನ ಚರ್ಚು ತುಂಬಿತ್ತು. ಪಾದ್ರಿಗಳು ಕ್ರಿಸ್ತನು ಎದ್ದಿದ್ದಾನೆ ಎಂದರು. ನಾವೆಲ್ಲ ಒಕ್ಕೊರಲಿನಿಂದ ನಿಜವಾಗಿ ಎದ್ದಿದ್ದಾನೆ ಎಂದು, ಹಾಡಿನ ಪುಸ್ತಕದ ಪುಟ ತಿರುವತೊಡಗಿದ್ದೆವು. ಆಗ, ಆ ಹಾಳೆಗಳ ಸರಸರದ ನಡುವೆ, ನನ್ನ ಪಕ್ಕದಿಂದ ಒಂದು ಒರಟು ದನಿ, ಚರ್ಚಿನಲ್ಲಿ ಆರು ವರ್ಷ ಬಳಸದೆ ತುಕ್ಕು ಹಿಡಿದ ದನಿ, ತಡವಾಗಿ, ಒಂಟಿಯಾಗಿ ಹೇಳಿತು: “ನಿಜವಾಗಿ ಎದ್ದಿದ್ದಾನೆ.” ಮುಂದಿನ ಸಾಲಿನವರೆಲ್ಲ ಹಿಂತಿರುಗಿ ನೋಡಿದರು. ಆರ್ಗನ್ ನುಡಿಸುವಾಕೆ ಕೈ ತೆಗೆದುಬಿಟ್ಟಳು. ಅತ್ತೆ ಯಾರನ್ನೂ ನೋಡಲಿಲ್ಲ. ಪ್ರಾರ್ಥನೆ ಮುಗಿದದ್ದೇ ತಡ, ಕೋಟಿನ ಗುಂಡಿ ಹಾಕಿಕೊಂಡು ಹೊರಟಳು. ಅವಳ ನಡಿಗೆಯಲ್ಲಿ ಏನೋ ಕಂಡ ಅಪ್ಪ ನನ್ನ ತೋಳು ಹಿಡಿದು ಹಿಂದೆ ಹೊರಟರು. ನಮ್ಮ ಹಿಂದೆ ಅರ್ಧ ಸಭೆಯೇ ಬಂತು.

ಅವಳು ನೇರ ಔಷಧಿ ಅಂಗಡಿಗೆ ಹೋದಳು. ಕಾಂಪೌಂಡರು ಎದ್ದು ನಿಂತರು. ಮೊದಲೇ ಬಿಳಿಚಿದ್ದ ಮುಖ ಇನ್ನಷ್ಟು ಬಿಳಿಚಿತು.

“ವಾರದಿಂದ ಕೆಮ್ಮಿದೆ. ಔಷಧಿ ಬೆರೆಸಿ ಕೊಡಿ” ಎಂದಳು.

“ಸೀಲ್ ಮಾಡಿದ ಬಾಟ್ಲಿ ಇದೆ, ಮೇಡಮ್. ಅದನ್ನ ಕೊಡ್ತೀನಿ.”

“ಬಾಟ್ಲಿದು ಬೇಡ. ನೀವು ಬೆರೆಸಿದ್ದು ಬೇಕು.”

“ನನ್ನ ಕೈಲಿ ಆಗಲ್ಲಮ್ಮ. ದಯವಿಟ್ಟು ಕೇಳ್ಬೇಡಿ.”

“ನಿಮ್ಮ ತಕ್ಕಡಿ ಸರಿಯಾಗಿದೆ. ನಾನೇ ನೋಡಿದೀನಿ. ತೂಗಿ.”

ಅಪ್ಪ ಹೊಸ್ತಿಲಲ್ಲೇ ಕೂಗಿದರು: “ಏನೇ ಇದು? ತಲೆ ಕೆಟ್ಟಿದೆಯಾ ನಿಂಗೆ? ನಿನ್ನ ಮಗಳನ್ನ ಕೊಂದ ಕೈ ಕಣೇ ಅದು!”

“ಗೊತ್ತು, ಅಣ್ಣ. ಸುಮ್ನಿರು.”

ಕಾಂಪೌಂಡರು ಪುಡಿಯ ಡಬ್ಬಿ ತೆಗೆದರು. ಚಮಚ ಡಬ್ಬಿಯ ಅಂಚಿಗೆ ತಾಗಿ ಕಟಕಟ ಸದ್ದಾಗುತ್ತಿತ್ತು. ಆಗ ನನ್ನ ಅತ್ತೆ, ಹುಟ್ಟಿದಾರಭ್ಯ ತಕ್ಕಡಿಯ ಮುಳ್ಳಿನಿಂದ ಕಣ್ಣು ಕೀಳದಿದ್ದವಳು, ತಿರುಗಿ ಬೀದಿಗೆ ಮುಖಮಾಡಿ ನಿಂತಳು. ತಕ್ಕಡಿಗೆ ಬೆನ್ನು. ಎಷ್ಟು ತೂಗಿದರೆಂದು ನೋಡಲಿಲ್ಲ. ನಾವೆಲ್ಲ ನೋಡಿದೆವು, ಆ ಮನುಷ್ಯ ತೂಗಿ, ಚೆಲ್ಲಿ, ಮತ್ತೆ ತೂಗುವುದನ್ನು. ಅವಳೊಬ್ಬಳು ಮಾತ್ರ ನಮ್ಮ ಮುಖಗಳನ್ನು ನೋಡುತ್ತ ನಿಂತಿದ್ದಳು. ಔಷಧಿ ಸಿದ್ಧವಾದಾಗ ಲೋಟವನ್ನು ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದಳು. ಗುಂಪಿನಲ್ಲಿ ಯಾರೋ ಚೀರಿದರು. ಕಾಂಪೌಂಡರು ಗಲ್ಲಾದ ಹಿಂದೆ ಕುಸಿದು ಕೂತು, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು.

“ಕಹಿ ಜಾಸ್ತಿ” ಎಂದಳು ಅತ್ತೆ. “ಮುಂದಿನ ವಾರ ಕೆಮ್ಮು ಹೋಗ್ಲಿಲ್ಲಾಂದ್ರೆ ಮತ್ತೆ ಬರ್ತೀನಿ.”

ನಾನು ಪುಳಕಗೊಂಡೆನೆಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಬಂದದ್ದು ಕೋಪ. ಮಹಡಿಯ ಮೆಟ್ಟಿಲ ಮೇಲೆ ಅವಳನ್ನು ತಡೆದು, “ಅವರನ್ನ ಕ್ಷಮಿಸಿಬಿಟ್ಯಾ, ಅತ್ತೆ?” ಎಂದು ಕಟುವಾಗಿಯೇ ಕೇಳಿದೆ.

“ಗೊತ್ತಿಲ್ಲ. ಬೆಳಗ್ಗೆ ಕ್ಷಮಿಸಿದ್ದೆ. ಈಗ ಕೇಳಿದ್ರೆ ಇಲ್ಲ ಅನ್ಸುತ್ತೆ. ನಾಳೆ ಮತ್ತೆ ನೋಡ್ಬೇಕು.”

“ಮತ್ಯಾಕೆ ಹೋದೆ?”

ಅವಳು ಮೆಟ್ಟಿಲ ಮೇಲೆ ಕುಳಿತಳು. “ನಿನ್ನೆ ಮುದ್ರೆ ಒತ್ತಿ ಬಂದಾಗಿಂದ ಅದನ್ನೇ ಯೋಚಿಸ್ತಿದ್ದೆ, ಮರಿ. ಕ್ರಿಸ್ತ ಎದ್ದಿದ್ದು ನಿಜ ಆದ್ರೆ ನನ್ನ ಮಗಳು ಮುಗಿದುಹೋಗಿಲ್ಲ. ಅವಳೇ ಮುಗಿದುಹೋಗಿಲ್ಲ ಅಂದ್ಮೇಲೆ, ಈ ಮನುಷ್ಯನನ್ನ ಮುಗಿಸೋಕೆ ನಾನ್ಯಾರು?” ಕೋಟಿನ ಗುಂಡಿ ಬಿಚ್ಚುತ್ತ, “ಹೆದರಿಕೆ ಆಗಿತ್ತು ಕಣೋ, ಕುಡಿಯೋವಾಗ” ಎಂದಳು. ಆಗ ಅತ್ತಳು. ಆರು ವರ್ಷದ ಮೇಲೆ ಮೊದಲ ಸಲ, ನನ್ನ ಕಣ್ಣೆದುರಿಗೇ, ಕೋಟಿನ ತೋಳನ್ನು ಕಚ್ಚಿಕೊಂಡು.

ಊರು ಅವಳನ್ನು ಹೊಗಳಲಿಲ್ಲ. ಹೆತ್ತ ಕರುಳೇ ಅಲ್ಲ ಎಂದವರಿದ್ದರು. ಅಪ್ಪ ನಾಲ್ಕು ತಿಂಗಳು ಅವಳೊಡನೆ ಮಾತುಬಿಟ್ಟರು. ಆ ಅಂಗಡಿಗೆ ಎರಡನೆಯ ಗಿರಾಕಿ ಬಂದದ್ದು ಒಂಬತ್ತು ದಿನಗಳ ಮೇಲೆ, ಸ್ವತಃ ಪಾದ್ರಿಗಳು, ಹೊಟ್ಟೆನೋವಿನ ನೆಪದಲ್ಲಿ. ನಿಧಾನವಾಗಿ ಇತರರೂ ಬಂದರು, ಎಲ್ಲರೂ ಬರಲಿಲ್ಲ. ಮರುವರ್ಷ ಕಾಂಪೌಂಡರು ಚರ್ಚಿನ ಕೊನೆಯ ಬೆಂಚಿನಲ್ಲಿ ಕಾಣಿಸಿಕೊಂಡರು. ತಪಾಸಣೆಗೆ ಹೋದ ಅತ್ತೆ ಅವರ ಸವೆದ ತೂಕವೊಂದನ್ನು ಪತ್ತೆಹಚ್ಚಿ ದಂಡ ಹಾಕಿದಳು ಎಂಬುದನ್ನೂ ಇಲ್ಲಿ ಹೇಳಬೇಕು. “ಅದು ಬೇರೆ, ಇದು ಬೇರೆ” ಎಂದಳು, ಕೇಳಿದವರಿಗೆ. ಕೊನೆಯ ಕಾಯಿಲೆಯಲ್ಲಿ ಅವಳ ಔಷಧಿಗಳನ್ನೆಲ್ಲ ಅವರೇ ಬೆರೆಸಿ ತಂದುಕೊಡುತ್ತಿದ್ದರು. ಅವರು ಹಾಸಿಗೆಯ ಪಕ್ಕದಲ್ಲಿ ಕೂರುತ್ತಿದ್ದರೂ ಇಬ್ಬರೂ ಹೆಚ್ಚು ಮಾತಾಡಿದ್ದನ್ನು ನಾನು ಕಾಣೆ. ಒಮ್ಮೆ ಮಾತ್ರ ಒಳಗಿನಿಂದ, ಚಿಲಿಪಿಲಿಗೆ ಅವರು ಕಲಿಸಿದ್ದ ಪದ್ಯವನ್ನು ಇನ್ನೊಮ್ಮೆ ಹೇಳಿ ಎಂದು ಅತ್ತೆ ಕೇಳುವುದೂ, ಅವರ ತಗ್ಗುದನಿ ತೊದಲುತ್ತ ಆರಂಭಿಸುವುದೂ ಕೇಳಿಸಿ, ನಾನು ಬಾಗಿಲಿನಿಂದ ಹಿಂದೆ ಸರಿದೆ.

ಪುನರುತ್ಥಾನವನ್ನು ನಂಬುತ್ತೇವೆನ್ನುವ ನಮ್ಮಲ್ಲಿ ಬಹುಪಾಲು ಜನ ಅದನ್ನು ಸಾವಿನ ಮನೆಯಲ್ಲಿ ಆಡುವ ಸಾಂತ್ವನದ ಮಾತಾಗಿ ಉಳಿಸಿಕೊಂಡಿದ್ದೇವೆ. ಮಣ್ಣು ಮಾಡಿ ಬಂದು ಕೈ ತೊಳೆದ ಮೇಲೆ ನಮ್ಮ ಹಳೆಯ ಹಗೆಗಳೂ ಹಳೆಯ ಭಯಗಳೂ ಇದ್ದಲ್ಲೇ ಇರುತ್ತವೆ. ಎಲ್ಲೋ ಒಬ್ಬರು ಮಾತ್ರ ಆ ಸುದ್ದಿಯನ್ನು ಸುದ್ದಿಯೆಂದೇ ತೆಗೆದುಕೊಂಡು, ಅದು ನಿಜವಾದರೆ ಇವತ್ತು ನಾನು ಯಾರ ಬಾಗಿಲಿಗೆ ಹೋಗಬೇಕು ಎಂದು ತಮ್ಮನ್ನೇ ಕೇಳಿಕೊಂಡು, ಹೆದರುತ್ತಲೇ ಎದ್ದು ಹೊರಡುತ್ತಾರೆ. ಇಂಥವರೊಡನೆ ಬಾಳುವುದು ಸುಲಭವಲ್ಲ. ಇವರನ್ನು ಸಂತರೆಂದು ಕರೆದು ದೂರ ನಿಲ್ಲಿಸುವ ಅನುಕೂಲವನ್ನೂ ಇವರು ನಮಗೆ ಕೊಡುವುದಿಲ್ಲ. ಅವರು ಬೀದಿ ದಾಟಿ ಹೋದ ಮೇಲೆ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತೇವೆ, ಇಷ್ಟು ವರ್ಷ ಬಾಯ್ತುಂಬ ಹಾಡುತ್ತಿದ್ದದ್ದು ಇದನ್ನೇ ಏನು ಎಂದು ಬೆರಗಾಗಿ, ಮತ್ತೆ ಹಾಡುವುದಕ್ಕೆ ಅಂಜುತ್ತ.