ಮೂಲೆಯಲ್ಲಿದ್ದ ಬೆರಳು

ನನ್ನ ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದ ಆಸ್ತಿಯೆಂದರೆ ಫೋಟೋಗಳು. ಬೀರುವಿನಲ್ಲಿ, ಮಂಚದ ಕೆಳಗೆ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಎಲ್ಲೆಂದರಲ್ಲಿ ಕಟ್ಟುಕಟ್ಟು ಸಿಕ್ಕವು. ಒಂದು ಕಟ್ಟು ಹಿಟ್ಟಿನ ಡಬ್ಬಿಯ ಹಿಂದೆಯೂ ಇತ್ತು. ಅವಳು ಕ್ಯಾಮೆರಾವನ್ನು ಕೈಯಿಂದ ಕೆಳಗಿಟ್ಟವಳಲ್ಲ, ತೆಗೆದ ಫೋಟೋವನ್ನು ಆಲ್ಬಮ್ಮಿಗೆ ಅಂಟಿಸಿದವಳೂ ಅಲ್ಲ. ಯಾವಾಗ ಕೇಳಿದರೂ ಪುರಸೊತ್ತಾಗಲಿ ಎನ್ನುತ್ತಿದ್ದಳು. ದೇವರು ಅವಳಿಗೆ ಪುರಸೊತ್ತು ಕೊಟ್ಟ ರೀತಿಯ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಅದನ್ನು ದಿನವೂ ಬೆಳಗಿನ ಪ್ರಾರ್ಥನೆಯ ಕೊನೆಯಲ್ಲಿ ಸಲ್ಲಿಸುತ್ತೇನೆ. ಅವನು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾನೆ.

ಮೊಮ್ಮಗಳು ಆರು ತಿಂಗಳ ಬಸುರಿ. ಹುಟ್ಟುವ ಮಗುವಿಗೆ ಮುತ್ತಜ್ಜಿ ಯಾರೆಂದು ತೋರಿಸಲು ಒಂದು ಆಲ್ಬಂ ಬೇಕು, ನೀವೇ ಮಾಡಿಕೊಡಬೇಕು ಎಂದು ನನ್ನ ಮುಂದೆ ಕುಳಿತು ಕೇಳಿದಳು.

"ಆದ್ರೆ ತಾತ, ಅಜ್ಜಿ ತೆಗ್ದಿದ್ದ ಫೋಟೋ ಮಾತ್ರ ಇದ್ರೆ ಸಾಲ್ದು. ಅದ್ರಲ್ಲಿ ಅಜ್ಜಿ ಇರ್ಬೇಕು."

ಅದೇ ಕಷ್ಟ. ಫೋಟೋಗಳಲ್ಲಿ ಊರೆಲ್ಲ ಇತ್ತು. ಮಕ್ಕಳು, ಮೊಮ್ಮಕ್ಕಳು, ಹಾಲಿನವನು, ಅವನ ಸೈಕಲ್ಲು, ನಮ್ಮ ಮನೆಯ ಹಿತ್ತಲ ಗೋಡೆ, ನಾನು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದು, ಎಲ್ಲವೂ ಇದ್ದವು. ಅವಳಿರಲಿಲ್ಲ. ಅವಳ ಮುಖವಿದ್ದದ್ದು ಗುರುತಿನ ಚೀಟಿಗೆಂದು ತೆಗೆಸಿದ ಒಂದೇ ಫೋಟೋದಲ್ಲಿ. ಅದರಲ್ಲಿ ಅವಳು ಯಾರ ಮೇಲೋ ದೂರು ಕೊಡಲು ಬಂದವಳಂತೆ ಕಾಣುತ್ತಾಳೆ. ಮಗು ಹೆದರೀತು, ಬೇಡ ಎಂದಳು ಮೊಮ್ಮಗಳು. ಹುಡುಕಿದರೆ ಯಾವುದಾದರೂ ಕಟ್ಟಿನಲ್ಲಿ ಕನ್ನಡಿಯಲ್ಲೋ ಕಿಟಕಿಯ ಗಾಜಿನಲ್ಲೋ ಸಿಕ್ಕಾಳು ಎಂದು ನಾನು ಧೈರ್ಯ ಹೇಳಿ ಕಳಿಸಿದೆ.

ನಮ್ಮ ಬೀದಿಯ ಗ್ರಂಥಾಲಯದ ಕೆಳಮಹಡಿಯಲ್ಲಿ, ಪತ್ರಿಕೆ ಓದುವ ಕೋಣೆಯ ಹಿಂದೆ, ಪ್ರತಿ ಬುಧವಾರ ಮಧ್ಯಾಹ್ನ ಆಲ್ಬಂ ಮಾಡುವವರು ಸೇರುತ್ತಾರೆ. ಒಂದು ಉದ್ದನೆಯ ಮೇಜು, ಅಂಟಿನ ಬಟ್ಟಲುಗಳು, ಕತ್ತರಿಗಳು, ಬಣ್ಣದ ಕಾಗದ. ನಡೆಸುವವರು ಬದುಕೆಲ್ಲ ಪುಸ್ತಕ ಹೊಲಿದು ನಿವೃತ್ತರಾದ ಒಬ್ಬ ಹೆಂಗಸು. ಎಲ್ಲರೂ ಅವರನ್ನು ಬೈಂಡರಮ್ಮ ಎನ್ನುತ್ತಾರೆ. ತಮ್ಮ ಅಂಟನ್ನು ತಾವೇ ಕುದಿಸಿಕೊಂಡು ಬರುತ್ತಾರೆ. ಅದು ಒಮ್ಮೆ ಹಿಡಿದರೆ ಜನ್ಮಕ್ಕೆ ಬಿಡುವುದಿಲ್ಲ ಎಂಬುದು ಆಕೆಯ ಹೆಮ್ಮೆ. ಮೊದಲ ಪುಟದಿಂದಲೇ ಶುರುಮಾಡಬೇಕೆಂದಿಲ್ಲ, ಮನಸ್ಸು ಬಂದ ಪುಟದಿಂದ ಮಾಡಿ ಎನ್ನುತ್ತಾರೆ. ಅಂಟಿಸುವ ಮುಂಚೆ ಫೋಟೋವನ್ನು ಪುಟದ ಮೇಲೆ ಸುಮ್ಮನೆ ಇಟ್ಟು ಒಂದು ಲೋಟ ನೀರು ಕುಡಿದು ಬನ್ನಿ, ಅಷ್ಟರಲ್ಲಿ ಅದು ತನಗೆ ಎಲ್ಲಿ ಬೇಕೋ ಅಲ್ಲಿಗೆ ಸರಿದಿರುತ್ತದೆ ಎನ್ನುತ್ತಾರೆ. ಅಂಟು ಒಣಗುವವರೆಗೆ ಕೈಕಟ್ಟಿ ಕೂರಬೇಕು. ಆ ಹೊತ್ತಿನಲ್ಲಿ ಇನ್ನೊಂದು ಪುಟಕ್ಕೆ ಕೈ ಹಾಕಿದವರಿಗೆ ಬೈಗುಳ.

ನಾನು ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆದವನು. ಖಾಲಿ ಹಾಳೆ ಕಂಡರೆ ಅಂಚಿನಲ್ಲಿ ಗೆರೆ ಎಳೆಯದೆ ನನಗೆ ಕೈ ನಿಲ್ಲುವುದಿಲ್ಲ. ಮೊದಲ ಬುಧವಾರ ಗೆರೆ ಎಳೆದೆ. ಎರಡನೆಯ ಬುಧವಾರ ಆ ಗೆರೆಗಳು ಓರೆಯಾಗಿವೆ ಎಂದು ಅಳಿಸಿದೆ. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತ ಬಸ್ಸಿನ ಕಂಡಕ್ಟರ್ ತನ್ನ ಅರ್ಧ ನೌಕರಿಯನ್ನು ಅಂಟಿಸಿ ಮುಗಿಸಿದ್ದ. ಅವನೇ ನನಗೆ ಮೂಲೆಮಟ್ಟ ಎಂದು ಅಡ್ಡಹೆಸರಿಟ್ಟ. ಗೋಡೆಯ ಮೂಲೆ ನೆಟ್ಟಗಿದೆಯೇ ಎಂದು ಗಾರೆಯವರು ಹಿಡಿದು ನೋಡುವ ಕಬ್ಬಿಣದ ಕೋನ ಅದು. ಬೈಂಡರಮ್ಮ ನನ್ನ ಉಕ್ಕಿನ ಸ್ಕೇಲನ್ನು ಕಿತ್ತುಕೊಂಡರು. ಮುಂದಿನ ವಾರ ನಾನು ಇನ್ನೊಂದನ್ನು ತಂದೆ.

"ಇದು ಸೈಟಲ್ಲ ಸಾರ್, ಪುಟ," ಎಂದರು. "ಒಂದು ಫೋಟೋ ಇನ್ನೊಂದನ್ನ ಒತ್ತುವರಿ ಮಾಡಿದ್ರೂ ಯಾರೂ ಕೋರ್ಟಿಗೆ ಹೋಗಲ್ಲ."

ಮೇಜಿನ ನಡುವೆ ಮುಚ್ಚಳವಿಲ್ಲದ ಒಂದು ಪೆಟ್ಟಿಗೆಯಿತ್ತು. ಯಾರು ಏನು ಕತ್ತರಿಸಿದರೂ ಉಳಿದ ಚೂರು ಅದರೊಳಗೆ ಬೀಳಬೇಕು. ಯಾರಿಗೆ ಯಾವ ಬಣ್ಣ ಬೇಕಾದರೂ ಅದರಿಂದ ಎತ್ತಿಕೊಳ್ಳಬಹುದು. ಕಾಗದದ ಚೂರನ್ನು ಕಸಕ್ಕೆ ಹಾಕುವುದನ್ನು ಬೈಂಡರಮ್ಮ ಪಾಪದ ಸಾಲಿಗೆ ಸೇರಿಸಿದ್ದರು.

ಆ ಪೆಟ್ಟಿಗೆಯನ್ನು ಹೆಚ್ಚಾಗಿ ತುಂಬಿದವನು ನಾನು. ನನ್ನ ಹೆಂಡತಿಯ ಎಲ್ಲ ಫೋಟೋಗಳಲ್ಲೂ ಮೇಲಿನ ಮೂಲೆಯಲ್ಲಿ ಒಂದು ಕೆಂಪನೆಯ ಮಸುಕು ಇತ್ತು. ಅದು ಅವಳ ತೋರುಬೆರಳು. ಕ್ಯಾಮೆರಾ ಹಿಡಿದಾಗ ಅದು ಗಾಜಿನ ಮುಂದಕ್ಕೆ ಇಣುಕುತ್ತಿತ್ತು. ಬೆರಳೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ನಕ್ಷೆಯ ಮೇಲೆ ಶಾಯಿ ಚೆಲ್ಲಿದರೆ ಆ ಅಂಚನ್ನು ಕತ್ತರಿಸಿ ನೆಟ್ಟಗೆ ಮಾಡಿ ಅಭ್ಯಾಸವಾದ ಕೈಗೆ ಅದು ಬರೀ ಕಲೆಯಾಗಿ ಕಂಡಿತು. ಕನ್ನಡಿಯಲ್ಲಿ ಅವಳಿದ್ದಾಳೆಯೇ, ಗಾಜಿನಲ್ಲಿ ಅವಳಿದ್ದಾಳೆಯೇ ಎಂದು ಒಂದೊಂದು ಫೋಟೋವನ್ನೂ ದೀಪಕ್ಕೆ ಹಿಡಿದು ಹುಡುಕುವುದು, ಇಲ್ಲವೆಂದಾಗ ಕಲೆಯಿದ್ದ ಪಟ್ಟಿಯನ್ನು ಕತ್ತರಿಸಿ ಪೆಟ್ಟಿಗೆಗೆ ಹಾಕುವುದು. ಕೆಲಸವನ್ನು ಅರ್ಧಕ್ಕೆ ಬಿಡುವವನು ನಾನಲ್ಲ. ಎಲ್ಲವನ್ನೂ ಕತ್ತರಿಸಿದೆ. ಕೋನಗಳು ನೋಡುವಂತಿದ್ದವು.

ಆಗ ತನ್ನ ಮಗನ ಮನೆಗೆ ಹೋಗಿದ್ದ ನಾದಿನಿ ಊರಿಗೆ ಬಂದಳು. ನನ್ನ ಹೆಂಡತಿಯ ತಂಗಿ ಇವಳು. ಎರಡು ಬೀದಿಯಾಚೆ ಇರುತ್ತಾಳೆ. ಅವಳು ಸುಮ್ಮನಿರುವುದನ್ನು ನೋಡಿದವರು ನಮ್ಮ ಕಡೆ ಇಲ್ಲ. ಊಟದ ಮೇಜಿನ ಮೇಲೆ ನಾನು ಹರಡಿದ್ದ ಫೋಟೋಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

"ಭಾವ, ಅಕ್ಕ ಎಲ್ಲಿ?"

ನನಗೆ ಗಾಬರಿಯಾಯಿತು. ಈ ವಯಸ್ಸಿನಲ್ಲಿ ನೆನಪು ಕೈಕೊಡುವುದುಂಟು. ಅವಳ ಪಕ್ಕ ಕುಳಿತು, ದೇವರ ಪಾದ ಸೇರಿ ವರ್ಷವಾಗುತ್ತಾ ಬಂತಲ್ಲಮ್ಮ ಎಂದು ಮೆಲ್ಲಗೆ ಹೇಳಿದೆ.

"ಅದು ನನಗೂ ಗೊತ್ತು. ಹೆಗಲು ಕೊಟ್ಟಿಲ್ಲ ಅಷ್ಟೇ, ಅತ್ತಿದ್ದೆಲ್ಲ ನಾನೇ. ಫೋಟೋದಲ್ಲಿದ್ದ ಅಕ್ಕ ಎಲ್ಲಿ? ಇಲ್ಲಿ ಮೂಲೇಲಿ ಬೆರಳಿತ್ತಲ್ಲ."

"ಅದು ಕಲೆ ಇದ್ದ ಹಾಗಿತ್ತು. ಕತ್ತರಿಸಿದೆ."

"ಎಷ್ಟರಲ್ಲಿ?"

"ಎಲ್ಲದರಲ್ಲೂ."

ಅವಳು ಸುಮ್ಮನಾದಳು. ನಮ್ಮ ಕಡೆ ಅದನ್ನು ನೋಡಿದ ಮೊದಲಿಗ ನಾನು.

"ಈ ಮನೇಲಿ ಅಕ್ಕ ಉಳ್ಕೊಂಡಿದ್ದು ಆ ಮೂಲೇಲಿ ಮಾತ್ರ ಭಾವ," ಎಂದಳು. "ನೀವು ಅಲ್ಲಿಂದ್ಲೂ ಎಬ್ಬಿಸಿ ಕಳಿಸಿದ್ರಿ."

ಆಮೇಲೆ ಅವಳು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸದ್ದುಮಾಡಿ ತೊಳೆದಳು. ನಾನು ಫೋಟೋಗಳ ಮುಂದೆ ಕುಳಿತೆ. ಚಿಕ್ಕವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕಿ ನನ್ನ ಹೆಂಡತಿಯ ಆ ಬೆರಳ ತುದಿ ಸೊಟ್ಟಗಾಗಿತ್ತು. ಎಷ್ಟೇ ಮಸುಕಾಗಿದ್ದರೂ ಫೋಟೋದಲ್ಲಿ ಆ ಸೊಟ್ಟು ತಿಳಿಯುತ್ತಿತ್ತು. ಮನೆಮಂದಿಗೆಲ್ಲ ಗೊತ್ತಿದ್ದ ಬೆರಳು. ಮೊಮ್ಮಗಳು ಅದನ್ನು ಹಿಡಿದುಕೊಂಡೇ ನಡೆಯಲು ಕಲಿತವಳು. ಇನ್ನೊಮ್ಮೆ ಪ್ರಿಂಟ್ ಹಾಕಿಸೋಣವೆಂದರೆ ನೆಗೆಟಿವ್‌ಗಳೆಲ್ಲ ಬೀರುವಿನ ತೇವಕ್ಕೆ ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಮರುದಿನ ಪ್ರಾರ್ಥನೆಯಲ್ಲಿ ನಾನು ಯಾವ ತಕರಾರನ್ನೂ ಎತ್ತಲಿಲ್ಲ. ಆ ಪೆಟ್ಟಿಗೆಯನ್ನು ಬುಧವಾರದವರೆಗೆ ಕಾಪಾಡು ಎಂದಷ್ಟೇ ಕೇಳಿಕೊಂಡೆ.

ಬುಧವಾರ ನಾದಿನಿಯೂ ಜೊತೆಗೆ ಬಂದಳು. ನಾನು ವಿಷಯ ಹೇಳಿದಾಗ ಯಾರೂ ನಗಲಿಲ್ಲ. ಬೈಂಡರಮ್ಮ ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದರು. ಎಲ್ಲರೂ ಕನ್ನಡಕ ಏರಿಸಿಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಕೆಂಪು ಚೂರುಗಳನ್ನು ಆರಿಸಿದರು. ಸಿಕ್ಕಿದ್ದು ಒಂದು ಹಿಡಿ. ನಾನು ಹಾಕಿದ್ದು ಬುಟ್ಟಿಯಷ್ಟು.

ಉಳಿದದ್ದು ಎಲ್ಲಿ ಹೋಯಿತು ಎಂದು ನಾನು ಕೇಳುವ ಮೊದಲೇ ಕಂಡಕ್ಟರ್ ಗಂಟಲು ಸರಿಮಾಡಿಕೊಂಡು ತನ್ನ ಆಲ್ಬಂ ತೆರೆದ. ಬಸ್ ನಿಲ್ದಾಣದ ದೊಡ್ಡ ಚಿತ್ರ. ಅದರ ಮೇಲೆ ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಕೆಂಪು ಸೂರ್ಯ ಮುಳುಗುತ್ತಿದ್ದ.

"ಬಣ್ಣ ಚೆನ್ನಾಗಿತ್ತು ಸಾರ್. ಸಂಜೆ ಹೊತ್ತಿನ ಸೂರ್ಯಂಗೆ ಸರಿಹೋಗುತ್ತೆ ಅಂತ..."

"ಸೂರ್ಯ ಸೊಟ್ಟಗಿರ್ತಾನೇನಪ್ಪ?" ಎಂದಳು ನಾದಿನಿ. "ಅದು ನಮ್ಮಕ್ಕ."

ಒಬ್ಬೊಬ್ಬರೂ ತಮ್ಮ ಪುಟಗಳನ್ನು ತೆರೆದರು. ನರ್ಸಮ್ಮನ ಮಗಳ ಮದುವೆಯ ಪುಟದಲ್ಲಿ ಸುತ್ತಲೂ ಹೂವಿನ ಎಸಳು, ಎಲ್ಲ ನನ್ನ ಹೆಂಡತಿಯ ಬೆರಳಿನವು. ಸಲೂನ್ ಇಟ್ಟಿದ್ದವರೊಬ್ಬರು ತಮ್ಮ ತೀರಿಹೋದ ನಾಯಿಗಾಗಿ ಆಲ್ಬಂ ಮಾಡುತ್ತಿದ್ದರು. ಫೋಟೋ ಕಪ್ಪು ಬಿಳುಪಿನದು. ನಾಯಿ ಖುಷಿಯಲ್ಲಿದೆ ಎಂದು ತೋರಿಸಲು ಬಾಯಿಯಿಂದ ಒಂದು ಕೆಂಪು ನಾಲಿಗೆಯನ್ನು ಜೋತುಬಿಟ್ಟಿದ್ದರು. ಅವರು ಆ ಪುಟವನ್ನು ಕೈಯಿಂದ ಅರ್ಧ ಮುಚ್ಚಿಕೊಂಡೇ ತೋರಿಸಿದರು.

ನಾದಿನಿ ಬಗ್ಗಿ ನೋಡಿದಳು. "ಅಕ್ಕಂಗೆ ನಾಯಿ ಕಂಡ್ರೆ ಆಗ್ತಿರ್ಲಿಲ್ಲ," ಎಂದಳು.

"ಇದು ಕಚ್ತಿರ್ಲಿಲ್ಲಮ್ಮ," ಎಂದರು ಅವರು, ತಪ್ಪಿತಸ್ಥರ ದನಿಯಲ್ಲಿ.

ಅವಳಿಗೆ ನಗು ಬಂತೋ ಅಳು ಬಂತೋ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೆಗಲು ಅಲುಗುತ್ತಿದ್ದವು. ಸೆರಗು ತೆಗೆದಾಗ ಎರಡೂ ಇತ್ತು.

ಬೈಂಡರಮ್ಮ ತೆಳುವಾದ ಚಾಕು ತಂದು ಸೂರ್ಯನ ಅಂಚನ್ನು ಎಬ್ಬಿಸಲು ನೋಡಿದರು. ಅವರ ಅಂಟು ಅವರ ಮಾತನ್ನೇ ಕೇಳಲಿಲ್ಲ. ಸ್ವಲ್ಪ ಜೋರು ಮಾಡಿದಾಗ ಬೆರಳ ತುದಿ ಚರ್ರೆಂದು ಸೀಳಿತು. ಆ ಸದ್ದು ನನಗೆ ತಡೆಯಲಾಗಲಿಲ್ಲ. ಬೇಡ, ನಿಲ್ಲಿಸಿ, ಸಿಕ್ಕಷ್ಟು ಸಾಕು ಎಂದೆ. ಆ ಒಂದು ಹಿಡಿಯನ್ನು ಲಕೋಟೆಗೆ ಹಾಕಿಕೊಂಡು ಎದ್ದೆ. ಅದರಲ್ಲಿ ಮೊಮ್ಮಗಳ ಮಗುವಿಗೆ ತೋರಿಸಲು ಎಷ್ಟು ಮುತ್ತಜ್ಜಿ ಇದ್ದಾಳೆಂದು ಲೆಕ್ಕ ಹಾಕಲು ಧೈರ್ಯ ಬರಲಿಲ್ಲ.

ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಕಂಡಕ್ಟರ್ ಕರೆದ. ತನ್ನ ಆಲ್ಬಮ್ಮಿನ ಹಾಳೆಗಳನ್ನು ಕಟ್ಟಿದ್ದ ದಾರ ಬಿಚ್ಚಿ ಆ ಪುಟವನ್ನೇ ಇಡಿಯಾಗಿ ಹೊರಗೆ ತೆಗೆದಿದ್ದ.

"ಬಸ್ ಸ್ಟ್ಯಾಂಡ್ ಎಲ್ಲೂ ಓಡಿಹೋಗಲ್ಲ ಮೂಲೆಮಟ್ಟ. ನಾನು ಇನ್ನೊಂದು ಮಾಡ್ಕೋತೀನಿ. ಇದನ್ನ ನೀವು ತಗೊಂಡು ಹೋಗಿ."

ಅವನು ಕೊಟ್ಟ ಮೇಲೆ ಉಳಿದವರ ಕೈಗಳೂ ದಾರದ ಗಂಟಿಗೆ ಹೋದವು. ಒಬ್ಬರ ಗುಡ್ಡದ ಪುಟ ಬಂತು, ಇನ್ನೊಬ್ಬರ ಹೊಸ ಮನೆಯ ಪುಟ ಕೆಂಪು ಚೂರುಗಳಿಂದ ಹೊದಿಸಿದ ಹೆಂಚುಗಳ ಸಮೇತ ಬಂತು. ಸಲೂನಿನವರು ಬಹಳ ಹೊತ್ತು ನಾಯಿಯ ಮುಖ ನೋಡಿದರು. ಅದರ ಒಳ್ಳೆಯ ಫೋಟೋ ಅದೊಂದೇ. ಕೊನೆಗೆ ಅದನ್ನೂ ನನ್ನ ಕೈಗಿಟ್ಟು, ಮಗುವಿಗೆ ಇದರ ಹೆಸರು ರಾಜ ಅಂತ ಹೇಳಿ ಎಂದರು. ನರ್ಸಮ್ಮ ಮಾತ್ರ ಕೊಡಲಿಲ್ಲ. ಮಗಳ ಮದುವೆ ಪುಟ, ಕೊಡಲಾರೆ, ನೋಡಬೇಕೆನಿಸಿದಾಗ ಮನೆಗೆ ಬನ್ನಿ ಎಂದರು. ಅದು ಸರಿಯಾದ ಮಾತು. ನನ್ನ ಹೆಂಡತಿ ಯಾರ ಮದುವೆಯಿಂದಲೂ ನಡುವೆ ಎದ್ದು ಬಂದವಳಲ್ಲ. ಅಲ್ಲಿಯೇ ಇರಲಿ ಎಂದೆ.

ಮನೆಯಲ್ಲಿ ನಾನೂ ನಾದಿನಿಯೂ ಊಟದ ಮೇಜಿಗೆ ಕುಳಿತೆವು. ಈ ಸಲ ಪುಟಕ್ಕೆ ಗೆರೆ ಹಾಕಲಿಲ್ಲ. ಹಾಕಿದ್ದರೂ ಪ್ರಯೋಜನವಿರಲಿಲ್ಲ, ಒಬ್ಬೊಬ್ಬರ ಪುಟ ಒಂದೊಂದು ಅಳತೆ. ಕಂಡಕ್ಟರನದು ಉದ್ದ, ನಾಯಿಯದು ಅಗಲ, ಗುಡ್ಡದ ಪುಟ ಆಲ್ಬಮ್ಮಿನ ಆಚೆಗೆ ನಾಲಿಗೆ ಚಾಚಿತ್ತು. ಲಕೋಟೆಯ ಚೂರುಗಳನ್ನು ಅವುಗಳ ಫೋಟೋಗಳಿಗೆ ಜೋಡಿಸತೊಡಗಿದೆವು. ಒಂದು ಚೂರಿನಲ್ಲಿ ಹಿತ್ತಲ ಗೋಡೆಯ ತುದಿ ಇದ್ದರೆ ಅದು ಗೋಡೆಯ ಫೋಟೋಗೇ ಸೇರಬೇಕು. ಇದು ಇಲ್ಲಿಗಲ್ಲ ಭಾವ, ಕಣ್ಣು ಬಿಟ್ಟು ನೋಡಿ ಎಂದು ಅವಳು ಗದರುವಳು. ನಾನು ಇನ್ನೊಂದು ಕಡೆ ಇಟ್ಟು ನೋಡುವೆ. ಸರಿಯಾದದ್ದು ಸಿಕ್ಕಾಗ ಅಂಚಿಗೆ ಅಂಚು ಕೂರುತ್ತಿತ್ತು. ನಡುವೆ ಕತ್ತರಿಯ ಗೆರೆಯೊಂದು ಉಳಿಯುತ್ತಿತ್ತು. ಕಚೇರಿಯಲ್ಲಾಗಿದ್ದರೆ ಅಂಥ ಹಾಳೆಯನ್ನು ನಾನು ಮೇಲಿನವರ ಮುಂದೆ ಇಡುತ್ತಿರಲಿಲ್ಲ.

ಪ್ರತಿಯೊಂದನ್ನು ಅಂಟಿಸಿದ ಮೇಲೂ ಬೈಂಡರಮ್ಮನ ಅಪ್ಪಣೆಯಂತೆ ಕೈಕಟ್ಟಿ ಕುಳಿತೆವು. ಅಂಟು ಒಣಗುವವರೆಗೆ ಮಾಡಲು ಬೇರೆ ಕೆಲಸವಿಲ್ಲವಾದ್ದರಿಂದ ಕೆಲವು ಸಲ ಅವಳ ಕಥೆ ಹೇಳಿಕೊಂಡೆವು, ಕೆಲವು ಸಲ ಅತ್ತೆವು. ಹಾಲಿನವನ ಸೈಕಲ್ಲಿನ ಫೋಟೋ ಬಂದಾಗ ನಕ್ಕೆವು. ಅವನನ್ನು ನಿಲ್ಲಿಸಿ ಫೋಟೋ ತೆಗೆಯುವಷ್ಟರಲ್ಲಿ ಅಂದಿನ ಹಾಲು ಒಡೆದಿತ್ತು. ದಿನಕ್ಕೆ ಒಂದೋ ಎರಡೋ ಪುಟ. ಅಷ್ಟು ನಿಧಾನವಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ, ಯಾವ ಕೆಲಸದ ನಂತರವೂ ಅಷ್ಟು ಚೆನ್ನಾಗಿ ನಿದ್ದೆ ಮಾಡಿರಲಿಲ್ಲ.

ಮೊಮ್ಮಗಳು ಬಂದಳು. ಎರಡು ದಿಂಬು ಕೊಟ್ಟು ಕೂರಿಸಿದೆವು. ತೊಡೆಯ ಮೇಲೆ ಜಾಗವಿರಲಿಲ್ಲವಾದ್ದರಿಂದ ಆಲ್ಬಮ್ಮನ್ನು ಹೊಟ್ಟೆಗೆ ಒರಗಿಸಿಕೊಂಡು ತೆರೆದಳು. ಮೊದಲ ಫೋಟೋದಲ್ಲಿ ಅವಳೇ, ಪುಟ್ಟ ಅಂಗಿ ತೊಟ್ಟು ಬಾಗಿಲಲ್ಲಿ ನಿಂತವಳು. ಅವಳು ತನ್ನನ್ನು ನೋಡಿಕೊಳ್ಳಲಿಲ್ಲ. ಕತ್ತರಿಯ ಗೆರೆಯಾಚೆಯ ಕೆಂಪು ಮೂಲೆಗೆ ಕೈಯಿಟ್ಟಳು. ಸೊಟ್ಟ ತುದಿಯನ್ನು ಸವರಿದಳು.

"ಇದ್ದಾರೆ," ಎಂದಳು. ಬಹಳ ಹೊತ್ತು ಪುಟ ತಿರುಗಿಸಲಿಲ್ಲ.

ಆಮೇಲೆ ತಿರುಗಿಸಿದಳು. ಬಸ್ ನಿಲ್ದಾಣ ಬಂತು, ಅದರ ಮುಂದೆ ಚೀಲ ನೇತುಹಾಕಿಕೊಂಡು ನಿಂತ ಕಂಡಕ್ಟರ್ ಬಂದ. ಯಾರದೋ ಹೊಸ ಮನೆ ಬಂತು. ನಾಲಿಗೆ ಜೋತುಬಿಟ್ಟ ನಾಯಿ ಬಂತು. ಅವಳು ನನ್ನನ್ನೂ ಚಿಕ್ಕಜ್ಜಿಯನ್ನೂ ಬದಲಾಯಿಸಿ ನೋಡಿದಳು.

"ಇವರೆಲ್ಲ ಯಾರು ತಾತ?"

"ನಿಮ್ಮಜ್ಜಿ ಕಡೆಯವರು," ಎಂದೆ.

"ಇನ್ನೂ ಇದ್ದಾರೆ, ತಿರುಗಿಸು," ಎಂದಳು ನಾದಿನಿ.