ಚೌಕಟ್ಟು ನಿಲ್ಲಿಸುವ ದಿನ

ಬೈಲಹೊಂಗಲದ ಪೇಟೆಯಲ್ಲಿ ದಲಾಲಿ ಮಾಡುವ ಅಡತಿ ಅಂಗಡಿಯ ಗುಮಾಸ್ತನ ಪಗಾರ ಎಷ್ಟಿರುತ್ತದೆಂದು ಯಾರಿಗೆ ಗೊತ್ತಿಲ್ಲ ಹೇಳಿ. ಅಂಥ ಪಗಾರದಲ್ಲಿ ಸ್ವಂತ ಮನೆ ಕಟ್ಟಿಸುತ್ತೇನೆಂದು ಗೌರೀಶ ಹೊರಟಾಗ ಪೇಟೆಯ ಮಂದಿ ಒಳಗೊಳಗೇ ನಕ್ಕರು. ನಗಲಿ ಬಿಡಿ, ನಗುವವರ ಗಂಟೇನು ಹೋಗುತ್ತದೆ. ಅವನ ಹೆಂಡತಿ ಗಂಗಾ ನಗಲಿಲ್ಲ. ಅರಳೆ ಗೋದಾಮಿನ ಹಿಂದಿನ ಬಾಡಿಗೆ ಖೋಲಿಯಲ್ಲಿ, ಹಾರಿಬರುವ ಅರಳೆಗೆ ಮೂಗಿಗೆ ಸೆರಗು ಕಟ್ಟಿಕೊಂಡು, ಊರ ಹೆಂಗಸರ ಜಂಪರು ಹೊಲಿದು ಹೊಲಿದು ಆ ಮನೆಗೆ ತಾನೂ ಕೈಜೋಡಿಸಿದಳು.

ಗೌರೀಶ ಬೆಳೆದದ್ದು ಮುನವಳ್ಳಿಯಲ್ಲಿ, ಅಣ್ಣತಮ್ಮಂದಿರ ಸಂಸಾರಗಳೆಲ್ಲ ಒಂದೇ ಪಡಸಾಲೆಯಲ್ಲಿ ಮಲಗುತ್ತಿದ್ದ ಮನೆಯಲ್ಲಿ. ಅಲ್ಲಿ ಕೂಸು ಅತ್ತರೆ ಯಾರ ಕೂಸೆಂದು ಎದ್ದು ನೋಡಬೇಕಿತ್ತು. ಮದುವೆಯಾದ ಹೊಸತರಲ್ಲೇ ಅವನು ಗಂಗಾಳಿಗೆ ಹೇಳಿಬಿಟ್ಟಿದ್ದ: “ಮೊದಲ ಮನಿ, ಆಮ್ಯಾಲ ಮಕ್ಕಳು. ನೀ ತವರಿಂದ ಕೂಸಿನ್ನ ಎತಗೊಂಡ ಬಂದ್ರ ನಮ್ಮ ಸ್ವಂತ ಮನ್ಯಾಗ ಕಾಲ ಇಡಬೇಕು.” ಆ ಮಾತು ಗಂಗಾಳಿಗೆ ಎಷ್ಟು ಹಿಡಿಸಿತ್ತೆಂದರೆ ತವರಿಗೆ ಹೋದಾಗ ತಾಯಿಯ ಮುಂದೆ ಹೇಳಿಕೊಂಡು ಹಿಗ್ಗಿದ್ದಳು.

ಆದರೆ ಪಗಾರದ ಮನೆ ಒಂದೇ ಏಟಿಗೆ ಏಳುತ್ತದೆಯೇ? ಜಾಗ ಹಿಡಿದು ಉಸಿರು ಬಿಡುವಷ್ಟರಲ್ಲಿ ವರ್ಷಗಳು ಕಳೆದವು. ಮೇಲೆ ಸೋಮವ್ವನ ನೇಮ. ಸೋಮವ್ವ ಗೌರೀಶನ ತಾಯಿ, ಮುನವಳ್ಳಿಯಲ್ಲೇ ಇದ್ದವಳು. ಮನೆಯೊಡತಿ ಬಸಿರಿದ್ದಾಗ ಮನೆ ಕಟ್ಟಬಾರದು, ನೆಲ ಅಗೆಯಬಾರದು, ಬಾಗಿಲು ನಿಲ್ಲಿಸಬಾರದು. ಇದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಬೇರೆಯವರು ಹೇಳಿ ಸುಮ್ಮನಾಗುತ್ತಿದ್ದರು, ಸೋಮವ್ವ ಮಾತ್ರ ಪೂಜೆಗೆ ಮುಂಚೆ ಸೊಸೆಯನ್ನು ಎದುರು ನಿಲ್ಲಿಸಿ ಬಾಯಿಬಿಟ್ಟು ಕೇಳುವವಳು.

ತೊಂಬತ್ತೆಂಟರ ಬೇಸಿಗೆಯಲ್ಲಿ ಪಾಯ ತೋಡಬೇಕೆಂದು ಕಲ್ಲು ಇಳಿಸಿ, ಗೌಂಡಿ ಲಕ್ಕಪ್ಪನಿಗೆ ಮುಂಗಡ ಕೊಟ್ಟ ಮೇಲೆ ಗಂಗಾಳ ಮುಟ್ಟು ನಿಂತಿತು. ಅವಳಿಗೆ ಹೆದರಿಕೆ ಒಂದು ಕಡೆ, ಖುಷಿ ಒಂದು ಕಡೆ. ಗೌರೀಶನ ಮುಖ ಮಾತ್ರ ಇಳಿದುಹೋಯಿತು.

“ನೋಡೂಣು. ಅವ್ವಗ ಗೊತ್ತಾದ್ರ ಪಾಯಾ ತೋಡಾಕ ಬಿಡೂದಿಲ್ಲ,” ಅಂದ. “ಲಕ್ಕಪ್ಪ ಬ್ಯಾರೆ ಕೆಲಸಾ ಹಿಡೀತಾನ. ಇವತ್ತಿನ ರೇಟಿಗೆ ಮುಂದ ಸಿಮೆಂಟ ಸಿಗತೈತೇನು? ಮಕ್ಕಳು ಮುಂದ ಆಗೇ ಆಗತಾವ ಗಂಗಾ.”

ಗಂಗಾ ಹೂಂ ಅಂದಳು. ಯಾಕೆ ಅಂದಳೋ, ಅವಳನ್ನೇ ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಸೀರೆ ಕೊಳ್ಳಲು ಹೊರಟಿದ್ದೇವೆಂದು ನೆರೆಯವರಿಗೆ ಹೇಳಿ ಇಬ್ಬರೂ ಬೆಳಗಾವಿ ಬಸ್ಸು ಹತ್ತಿದರು, ಅಲ್ಲಿನ ಆಸ್ಪತ್ರೆಯಲ್ಲಿ ಬಸಿರು ತೆಗೆಸಿಕೊಂಡು ಬಂದರು. ಸೋಮವ್ವ ಪಾಯದ ಪೂಜೆಗೆ ಬಂದು ಕೇಳಿದಾಗ ಗಂಗಾ “ಏನೂ ಇಲ್ರಿ ಅತ್ತಿ” ಅಂದಳು. ಸುಳ್ಳೇನೂ ಅಲ್ಲವಲ್ಲ. ತನ್ನ ಕೈಯಿಂದಲೇ ಮೊದಲ ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿದಳು.

ಪಾಯ ತುಂಬಿ ಕಟ್ಟೆ ಎದ್ದಿತು, ಕೈ ಬರಿದಾಯಿತು. ಮಳೆಗಾಲಗಳು ಹೋದವು, ಕಟ್ಟೆಯ ಮೇಲೆ ಹುಲ್ಲು ಬೆಳೆಯಿತು. ಆ ಹೊತ್ತಿಗೆ ಗಂಗಾ ತಡೆದುಕೊಳ್ಳಲಾರದೆ, ಮನೆ ಆದಾಗ ಆಗಲಿ, ನನಗೆ ಕೂಸು ಬೇಕು ಎಂದು ಗಂಡನಿಗೆ ಹೇಳಿದಳು. ಆಗಲಿ ಅಂದ. ಆದರೆ ಕೂಸು ಆಗಲಿಲ್ಲ. ತಿಂಗಳು ತಿಂಗಳೂ ಆಸೆ ಪಡುವುದು, ಬಚ್ಚಲಲ್ಲಿ ಕೂತು ಅಳುವುದು. ಊರಿನ ಡಾಕ್ಟರಮ್ಮ ಹಿಂದಿನದನ್ನೆಲ್ಲ ಕೇಳಿ ತಿಳಿದು, “ಇನ್ನ ಮ್ಯಾಲ ಹೊಟ್ಟ್ಯಾಗ ನಿಂತಿದ್ದನ್ನ ಜ್ವಾಕಿ ಮಾಡ್ಕೋರಿ. ಮತ್ತ ಕಳಕೊಂಡ್ರ ಆಸೆ ಕಡಿಮಿ,” ಅಂದಿದ್ದಳು.

ಕೊನೆಗೆ ಒಂದಿಷ್ಟು ಹಣ ಕೂಡಿತು. ಸಾಗವಾನಿಯ ಬಾಗಿಲ ಚೌಕಟ್ಟು ಬಂತು, ಲಕ್ಕಪ್ಪ ದಿನ ಗೊತ್ತು ಮಾಡಿದ. ಚೌಕಟ್ಟು ನಿಂತರೆ ಅದರ ಅಕ್ಕಪಕ್ಕ ಗೋಡೆಗಳು ಏಳುತ್ತವೆ, ಆಮೇಲೆ ಮನೆಗೆ ತಡವಿಲ್ಲ. ಸರಿಯಾಗಿ ಆ ವಾರವೇ ಗಂಗಾಳ ಮುಟ್ಟು ನಿಂತಿತು. ದೇವರಿಗಾದರೂ ಬೇರೆ ಹೊತ್ತು ಸಿಗಲಿಲ್ಲವೇ?

ಪೂಜೆಯ ದಿನ ಬೆಳಿಗ್ಗೆ ಅವಳು ಹೇಳಿದಾಗ ಗೌರೀಶ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಕೈ ಅಲ್ಲೇ ನಿಂತಿತು.

“ಅವ್ವ ಕೇಳಿದ್ರ ಇಲ್ಲ ಅನ್ನು,” ಅಂದ. “ಚೌಕಟ್ಟ ನಿಲ್ಲಲಿ. ಆಮ್ಯಾಲ ನೋಡೂಣು.”

ನೋಡೂಣು. ಹಿಂದಿನ ಸಲವೂ ಅವನು ಮೊದಲು ಅಂದದ್ದು ಅದನ್ನೇ. ಗಂಗಾ ಪೂಜೆಯ ತಾಟು ಎತ್ತಿಕೊಂಡು ಅವನ ಹಿಂದೆ ನಡೆದಳು.

ಸೋಮವ್ವ ಮೊದಲ ಬಸ್ಸಿಗೇ ಬಂದು ಕಟ್ಟೆಯ ಹತ್ತಿರ ಕಾಯುತ್ತಿದ್ದಳು. ಲಕ್ಕಪ್ಪ ಮತ್ತು ಅವನ ಆಳುಗಳು ಚೌಕಟ್ಟನ್ನು ಎತ್ತಿ ಹಿಡಿದು ನಿಂತಿದ್ದರು. ಸೋಮವ್ವ ಸೊಸೆಯನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದಳು.

“ಗಂಗವ್ವಾ, ಹೊಟ್ಟ್ಯಾಗ ಏನೂ ಇಲ್ಲಲ್ಲವಾ?”

ಗೌರೀಶ ಅವಳನ್ನೇ ನೋಡುತ್ತಿದ್ದ. ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ. ಗಂಗಾಳಿಗೆ ಅವನ ಮೇಲೆ ಕನಿಕರ ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

“ಐತ್ರಿ ಅತ್ತಿ,” ಅಂದಳು.

ಸೋಮವ್ವನ ಮುಖ ಅರಳಿತು. ಆದರೆ ಅವಳು ಬಾಯಿ ತೆರೆಯುವ ಮೊದಲೇ ಗೌರೀಶ ಓಡಿಬಂದ. ಗಾಬರಿಯಲ್ಲಿ ಏನಾಡುತ್ತಿದ್ದೇನೆಂಬ ಖಬರು ಅವನಿಗಿರಲಿಲ್ಲ.

“ಅವ್ವಾ, ಪೂಜೆ ತಪ್ಪಸಬ್ಯಾಡ. ಹೋದ ಸಲದಂಗ ಬೆಳಗಾವಿಗೆ ಹೋಗಿ ಬಂದರಾತು.”

“ಹೋದ ಸಲ ಅಂದ್ರ?” ಅಂದಳು ಸೋಮವ್ವ.

ಗಂಗಾ ಹೇಳಿದಳು. ಬೆಳಗಾವಿ, ಬಸ್ಸು, ಪಾಯದ ಪೂಜೆ, ಆಮೇಲಿನ ಬರೀ ತಿಂಗಳುಗಳು, ಡಾಕ್ಟರಮ್ಮ ಹೇಳಿದ್ದು. ಒಂದನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಹೋದಂತೆ ಸೋಮವ್ವ ಮರಳಿನ ಗುಡ್ಡೆಯ ಮೇಲೆ ಕುಸಿದು ಕೂತಳು.

“ಯಾಕೋ ಗೌರೀಶಾ?” ಅಂದಳು ಕೊನೆಗೆ.

“ನಿನ್ನ ಮಾತ ಮೀರಬಾರದಂತ, ಅವ್ವಾ. ಬಸರಿದ್ದಾಗ ಮನಿ ಕಟ್ಟಬಾರದು ಅಂತ ನೀನ ಹೇಳತಿದ್ದಿ.”

“ಬಸರಿದ್ದಾಗ ಮನಿ ಕೆಲಸಾ ಬಿಡ್ರಿ ಅಂತ ಹೇಳೇನಿ. ಮನಿ ಕೆಲಸಾ ಐತಿ ಅಂತ ಬಸರ ಬಿಡ್ರಿ ಅಂತ ಯಾವಾಗ ಹೇಳಿದ್ನೆಪಾ?” ಅವಳ ದನಿ ಏರಲಿಲ್ಲ. “ಬಸರ ಹೆಂಗಸಿಗೆ ಕಲ್ಲ ಮಣ್ಣ ಹೊರೂ ಕೆಲಸಾ ಬೀಳಬಾರದು, ಆಕಿ ತ್ರಾಸ ಪಡಬಾರದು ಅಂತ ಹಿರ್‍ಯಾರ ಹಾಕಿದ ಕಟ್ಟಳಿ ಇದು. ಮನಿ ಕಾಯಬೇಕಪಾ. ಕೂಸು ಯಾಕ ಕಾಯಬೇಕು?”

ಆಳುಗಳ ತೋಳು ಸೋತಿದ್ದವು. ಲಕ್ಕಪ್ಪ ಯಾರ ಮುಖವನ್ನೂ ನೋಡದೆ ಕೇಳಿದ, “ಏನ ಮಾಡೂದ್ರಿ ಯವ್ವಾ?”

“ಮಲಗಸ್ರಿ ಅದನ್ನ. ಮ್ಯಾಲ ತಾಡಪತ್ರಿ ಹೊಚ್ಚರಿ. ಕೂಸು ಹುಟ್ಟಿ ಬಾಣಂತನ ಮುಗದ ಮ್ಯಾಲ ಹೇಳಿ ಕಳಸತೇವಿ,” ಅಂದಳು ಸೋಮವ್ವ.

ಚೌಕಟ್ಟು ಕಟ್ಟೆಯ ಮೇಲೆ ಮಲಗಿತು. ಆಳುಗಳು ಸಲಿಕೆ ಬುಟ್ಟಿ ಎತ್ತಿಕೊಂಡು ಹೋದರು. ಗೌರೀಶ ತಾಯಿಯ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತ.

“ಆವತ್ತ ನಿನ್ನ ಕೇಳಿದ್ರ ಏನ ಹೇಳತಿದ್ದಿ ಅವ್ವಾ?”

“ಏನ ಹೇಳತಿದ್ನಿ? ಪಾಯಾ ಬರೂ ವರ್ಷ ತೋಡೋ ಅಂತಿದ್ನಿ,” ಅಂದಳು ಸೋಮವ್ವ. “ಅಷ್ಟ.”

ಅಷ್ಟೇ. ಒಂದು ವರ್ಷ. ಅದಕ್ಕಿಂತ ಹೆಚ್ಚು ಕಾಲ ಈ ಕಟ್ಟೆ ಹುಲ್ಲು ಬೆಳೆದುಕೊಂಡು ಬರಿದೇ ಬಿದ್ದಿತ್ತು. ಗಂಗಾ ಇಷ್ಟು ವರ್ಷ ಬಚ್ಚಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತವಳು, ಹಾಡುಹಗಲಲ್ಲಿ, ರಸ್ತೆಗೆ ಕಾಣುವಂತೆ ನಿಂತು ದನಿ ತೆಗೆದು ಅತ್ತಳು. ಗೌರೀಶ ಎದ್ದು ಕೈಚಾಚಿದ. ಅವಳು ಆ ಕೈ ಹಿಡಿಯಲಿಲ್ಲ. ಸೋಮವ್ವ ಮರಳಿನಿಂದ ಏಳಲು ಒದ್ದಾಡುತ್ತಿದ್ದಳು, ಗಂಗಾ ಹೋಗಿ ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿದಳು. ಇಬ್ಬರೂ ಗೋದಾಮಿನ ಹಾದಿ ಹಿಡಿದು ಮೆಲ್ಲಗೆ ನಡೆದರು. ಪೂಜೆಯ ತಾಟು ಎತ್ತಿಕೊಂಡು ಗೌರೀಶ ಹಿಂದೆ ಬಂದ, ಹತ್ತಿರ ಬರಲು ಅವನಿಗೆ ಧೈರ್ಯವಾಗಲಿಲ್ಲ.