ಥಪ್ಪಿಯ ಮೇಲಿನ ಬೂಟು

ನಮ್ಮ ಗೋದಾಮಿನ ಬಾಗಿಲ ಹತ್ತಿರ ಬೂಟು ಇಡಲು ಎರಡು ರ‍್ಯಾಕುಗಳಿವೆ. ಒಂದರಲ್ಲಿ ಮಣ್ಣು ಮೆತ್ತಿದ ಬೂಟುಗಳು, ಇನ್ನೊಂದರಲ್ಲಿ ತೊಳೆದು ಒರೆಸಿಟ್ಟ ಬೂಟುಗಳು. ಹೈದರಾಬಾದಿನಿಂದ ತಪಾಸಣೆಗೆ ಬರುವ ಸಾಹೇಬರು ಅವುಗಳ ಫೋಟೊ ತೆಗೆದುಕೊಂಡು, ಇದು ಯಾರ ತಲೆಗೆ ಹೊಳೆದದ್ದು ಎಂದು ಕೇಳುತ್ತಾರೆ. ಮ್ಯಾನೇಜರು ನನ್ನತ್ತ ಕೈ ತೋರಿಸುತ್ತಾರೆ. ಆಗ ಆ ಕೈ ಮುರಿಯುವಷ್ಟು ಸಿಟ್ಟು ಬರುತ್ತದೆ. ಪಾಪ, ಅವರ ತಪ್ಪೇನೂ ಇಲ್ಲ. ನನ್ನ ಮೇಲಿನ ಸಿಟ್ಟು ಅದು.

ನಾನು ಇಶ್ರತ್. ಮನೆ ಬಸವಕಲ್ಯಾಣದಲ್ಲಿ, ಕೆಲಸ ಹುಮನಾಬಾದಿನ ಹೊರಗೆ, ಹೆದ್ದಾರಿ ಪಕ್ಕದ ತೊಗರಿಬೇಳೆ ಗೋದಾಮಿನಲ್ಲಿ. ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಮೇಲ್ವಿಚಾರಕಿ. ಡಿಪ್ಲೊಮಾ ಮುಗಿಸಿ ಸೇರಿದಾಗ ನನಗೆ ಇಪ್ಪತ್ನಾಲ್ಕು ವರ್ಷ, ಹಮಾಲರೆಲ್ಲ ನನ್ನ ಅಬ್ಬಾನ ವಯಸ್ಸಿನವರು. ಅವರ ಮುಖಂಡ ಪಂಡರಿ ಕಾಕಾ. ತಮ್ಮೂರು ಮೋರಖಂಡಿಯಿಂದ ಆಟೊದಲ್ಲಿ ಕಲ್ಯಾಣದ ಬಸ್‌ಸ್ಟ್ಯಾಂಡಿಗೆ ಬಂದು, ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಎರಡು ಸೀಟು ಹಿಡಿಯುತ್ತಿದ್ದರು. ಒಂದು ಅವರಿಗೆ, ಒಂದು ನನಗೆ. ಯಾರಾದರೂ ಕೂರಲು ಬಂದರೆ, "ನಮ್ಮ ಹುಡುಗಿ ಬರಾಕತ್ತಾಳ" ಎನ್ನುತ್ತಿದ್ದರು.

ಮೊದಲ ಬೇಸಿಗೆಯಲ್ಲಿ ಮ್ಯಾನೇಜರ ಬೆನ್ನು ಹತ್ತಿ ತಗಡಿನ ಚಾವಣಿಯ ಕೆಳಗೆ ದೊಡ್ಡ ಪಂಖಾಗಳನ್ನು ಹಾಕಿಸಿದೆ. ತಣ್ಣೀರಿನ ಟಾಕಿ ಇಡಿಸಿದೆ. ಐವತ್ತು ಕಿಲೊ ಮೀರಿದ ಚೀಲವನ್ನು ಒಬ್ಬರೇ ಹೊರಬಾರದೆಂದು ಕಟ್ಟಪ್ಪಣೆ ಮಾಡಿಸಿದೆ. ಪಂಡರಿ ಕಾಕಾ ಪಂಖಾದ ಕೆಳಗೆ ನಿಂತು ಅಂಗಿಯ ಗುಂಡಿ ಬಿಚ್ಚಿ, "ಇಪ್ಪತ್ತಾರು ವರ್ಷ ಆತು ಬೇಟಿ ಚೀಲ ಹೊರಾಕತ್ತು. ನಮ್ಮ ಬೆವರು ಯಾವನೂ ನೋಡಿದ್ದಿಲ್ಲ" ಎಂದರು. ನಾನು ಉಬ್ಬಿಹೋದೆ.

ಜಗಳ ಹತ್ತಿದ್ದು ಬೂಟಿನಿಂದ. ಮುಂತುದಿಗೆ ಕಬ್ಬಿಣದ ತಗಡು ಇರುವ ಗಟ್ಟಿ ಬೂಟುಗಳು ಬಂದವು. ನೆಲದ ಮೇಲೆ ಎಲ್ಲರೂ ಹಾಕಿಕೊಂಡರು. ಆದರೆ ಒಂದರ ಮೇಲೊಂದು ಚೀಲ ಪೇರಿಸಿದ ಥಪ್ಪಿಯನ್ನು ಹತ್ತುವ ಮೊದಲು ಬಿಚ್ಚಿಟ್ಟುಬಿಡುತ್ತಿದ್ದರು.

"ಅನ್ನದ ಮ್ಯಾಲ ಬೂಟು ಇಡಂಗಿಲ್ಲ ಬೇಟಿ" ಎಂದರು ಪಂಡರಿ ಕಾಕಾ. "ಬಾಕಿ ಏನ್ ಹೇಳ್ತಿ ಹೇಳು, ಕೇಳ್ತೀವಿ."

"ಬ್ಯಾಳಿ ಚೀಲದಾಗ ಐತ್ರಿ ಕಾಕಾ. ಬೂಟು ತಾಗೂದು ಚೀಲಕ್ಕ."

"ಚೀಲದಾಗ ಇದ್ರ ಅನ್ನ ಅಲ್ಲೇನು?"

ಅವರ ಜೊತೆಗಾರ ಲಾಲ್ ಅಹ್ಮದ್ ನನ್ನ ಪರ ಮಾತಾಡಿಯಾನೆಂದು ಅವನತ್ತ ನೋಡಿದೆ. ಅವನೂ ತಲೆ ಅಲ್ಲಾಡಿಸಿದ. "ರೊಟ್ಟಿ ತುಣುಕು ಕೆಳಗ ಬಿದ್ರ ನಮ್ಮ ಅಮ್ಮಿ ಎತ್ತಿ ಕಣ್ಣಿಗಿ ಒತ್ಕೊತಿದ್ದಳ್ರಿ ಮೇಡಂ. ನಿಮ್ಮನ್ಯಾಗ ಇಲ್ಲೇನ್ರಿ?"

ನಮ್ಮ ಮನೆಯಲ್ಲೂ ಇತ್ತು. ಆದರೆ ನಾನು ಮನೆಯ ಮಗಳಾಗಿ ಅಲ್ಲಿ ನಿಂತಿರಲಿಲ್ಲ, ಮೇಡಂ ಆಗಿ ನಿಂತಿದ್ದೆ. ಮರುದಿನವೇ ಗೇಟಿನ ಬಳಿ ಕಪ್ಪು ಹಲಗೆ ತೂಗುಹಾಕಿದೆ. ಬೂಟು ಧರಿಸದವರು ಎಂದು ಮೇಲೆ ಬರೆದು, ಕೆಳಗೆ ದಿನದಿನದ ಹೆಸರುಗಳು. ಮೊದಲ ಹೆಸರು ಯಾವಾಗಲೂ ಪಂಡರಿಯದೇ. ಅವರಿಗೆ ಓದಲು ಬರುತ್ತಿರಲಿಲ್ಲ. ಲಾರಿ ಡ್ರೈವರುಗಳು ಒಳಗೆ ಬರುವಾಗ ಗಟ್ಟಿಯಾಗಿ ಓದಿ, "ಏನ್ರಿ ಮುಖಂಡ್ರ, ಸಾಲಿ ಮಾಸ್ತರ ಮುಂದ ನಿಂತಂಗಾತಲ್ಲ" ಎಂದು ನಗುತ್ತಿದ್ದರು. ಇಡೀ ಹಮಾಲರ ಗುಂಪು ಯಾರ ಒಂದು ಕೂಗಿಗೆ ಎದ್ದು ನಿಲ್ಲುತ್ತಿತ್ತೋ ಆ ಮನುಷ್ಯ ತಲೆ ತಗ್ಗಿಸಿ ಒಳಗೆ ನಡೆಯುತ್ತಿದ್ದರು. ಆದರೂ ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ನನ್ನ ಸೀಟಿನ ಮೇಲೆ ಅವರ ಟವೆಲ್ ಇದ್ದೇ ಇರುತ್ತಿತ್ತು.

ಒಂದು ತಿಂಗಳಿಗೆ ಹಲಗೆ ಖಾಲಿಯಾಯಿತು. ಗೆದ್ದೆ ಅಂದುಕೊಂಡೆ. ಒಂದೂ ತಪ್ಪಿಲ್ಲದ ನೂರು ದಿನ ತುಂಬಿದರೆ ನಮ್ಮ ಗೋದಾಮಿಗೆ ಪ್ರಶಸ್ತಿ ಪತ್ರ ಬರುವುದಿತ್ತು. ಆ ನೂರನೆಯ ದಿನದ ತಪಾಸಣೆಯ ಹಿಂದಿನ ದಿನ ಮಧ್ಯಾಹ್ನ ಸುಮ್ಮನೆ ಒಂದು ಸುತ್ತು ಹಾಕಲು ಹೋದೆ. ಮೂರನೆಯ ಥಪ್ಪಿಯ ಹಿಂದೆ, ಗೋಡೆಯ ಸಂದಿಯಲ್ಲಿ, ಒಂದು ಜೊತೆ ಬೂಟು ಅಚ್ಚುಕಟ್ಟಾಗಿ ಪಕ್ಕಪಕ್ಕ ಇದ್ದವು. ತಲೆ ಎತ್ತಿದೆ. ಹದಿನೈದು ಚೀಲದ ಎತ್ತರದಲ್ಲಿ ಪಂಡರಿ ಕಾಕಾ ಬರಿಗಾಲಲ್ಲಿ ನಿಂತಿದ್ದರು. ಬೂಟು ಹಾಕಿಕೊಂಡು ಬಂದು, ನನ್ನ ಕಣ್ಣು ತಪ್ಪಿಸಿ ಬಿಚ್ಚಿಟ್ಟು ಹತ್ತುತ್ತಿದ್ದರು. ನನ್ನ ಮಾತೂ ಉಳಿಯಬೇಕು, ಅನ್ನದ ಮರ್ಯಾದೆಯೂ ಉಳಿಯಬೇಕು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ನಾನು ತಿರುಗಿ ಆಫೀಸಿಗೆ ಬಂದು, ಅಂದಿನ ತಪ್ಪುಗಳು: ಇಲ್ಲ ಎಂದು ಬರೆದೆ. ಮರುದಿನ ಪ್ರಶಸ್ತಿ ಪತ್ರ ಬಂತು. ಪೇಢಾ ಹಂಚಿದೆವು.

ಅದಾಗಿ ಮೂರು ವಾರಕ್ಕೆ ಪಂಡರಿ ಕಾಕಾ ಕುಂಟುತ್ತಾ ಬಸ್ಸು ಹತ್ತಿದರು.

"ಕಾಲಿಗಿ ಏನಾಗ್ಯದ್ರಿ ಕಾಕಾ?"

"ಮಣಕಾಲ ನೋವು ಬೇಟಿ. ವಯಸ್ಸಾತಲ್ಲ."

"ಮುಲಾಮು ಹಚ್ಕೊರಿ" ಎಂದು ಹೇಳಿ ನಾನು ಮೊಬೈಲ್ ನೋಡುತ್ತಾ ಕುಳಿತೆ.

ಒಂಬತ್ತು ದಿನ ಹಾಗೆ ಬಂದರು. ಹತ್ತನೆಯ ದಿನ ಬಸ್ಸಿನಲ್ಲಿ ಟವೆಲ್ ಇರಲಿಲ್ಲ. ಗೋದಾಮಿಗೆ ಹೋದಾಗ ಲಾಲ್ ಅಹ್ಮದ್ ಮೂಲೆಯಲ್ಲಿ ಕುಳಿತು ಅಳುತ್ತಿದ್ದ. ರಾತ್ರಿಯೇ ಪಂಡರಿ ಕಾಕಾರನ್ನು ಆಸ್ಪತ್ರೆಗೆ ಸಾಗಿಸಿದ್ದರಂತೆ. ಥಪ್ಪಿಯಿಂದ ಇಳಿಯುವಾಗ, ಚೀಲಗಳ ಅಡಿಗೆ ಹಾಕುವ ಕಟ್ಟಿಗೆಯ ಮುರಿದ ಚೌಕಟ್ಟಿನ ಮೊಳೆ ಅವರ ಅಂಗಾಲಿಗೆ ನಾಟಿತ್ತಂತೆ. ಸಕ್ಕರೆ ಕಾಯಿಲೆಯ ಕಾಲು, ಅಷ್ಟಾಗಿ ನೋವು ಗೊತ್ತಾಗಲಿಲ್ಲ. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಯಾರಿಗೂ ಕಾಣದಂತೆ ಅದರ ಮೇಲೆ ಬೂಟು ಹಾಕಿಕೊಂಡಿದ್ದರು. ಆ ಸೆಕೆಯಲ್ಲಿ ಒಂಬತ್ತು ದಿನ ಗಾಯ ಬೂಟಿನೊಳಗೆ ಕೊಳೆಯಿತು. ಔಷಧಿಯ ಪೆಟ್ಟಿಗೆ ಅವರಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ನನ್ನ ಮೇಜಿನ ಪಕ್ಕದಲ್ಲೇ ಇತ್ತು. ಬೀದರಿನ ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು, ಆಮೇಲೆ ಮೊಣಕಾಲಿನವರೆಗೆ ಕಾಲು ತೆಗೆದರು. ನಂಜು ಅಷ್ಟರಲ್ಲಿ ರಕ್ತಕ್ಕೆ ಏರಿತ್ತು. ನಾಲ್ಕನೆಯ ದಿನ ಪಂಡರಿ ಕಾಕಾ ತೀರಿಕೊಂಡರು.

"ಬೂಟು ಬಿಚ್ಚಿದ್ದನ್ನು ನೀನು ಎಂದೂ ನೋಡಿಲ್ಲ ಅಂತ ಬರೆದುಕೊಡು, ಸಾಕು" ಎಂದರು ಮ್ಯಾನೇಜರು. ನೋಡಿದ್ದೆ ಎಂದೇ ಬರೆದುಕೊಟ್ಟೆ. ಮುರಿದ ಚೌಕಟ್ಟುಗಳನ್ನು ಬದಲಿಸಿ ಎಂದು ಮೂರು ಸಲ ಕೇಳಿದ್ದನ್ನೂ ಬರೆದೆ. ಕೆಲಸ ಹೋಗುತ್ತದೆ, ಯಾರಾದರೂ ಬಂದು ಬೈಯುತ್ತಾರೆ ಎಂದು ಕಾದೆ. ಯಾರೂ ಬರಲಿಲ್ಲ. ಆ ಕಾಗದ ಯಾವ ಕಪಾಟಿನಲ್ಲಿದೆಯೋ ನನಗೆ ಗೊತ್ತಿಲ್ಲ. ಕಾಗದಕ್ಕೆ ಹೇಳಿದ್ದು ಹೇಳಿದಂತೆ ಆಗಲಿಲ್ಲ. ಹೇಳಲೇಬೇಕಾದ ಒಬ್ಬರು ಮೋರಖಂಡಿಯಲ್ಲಿದ್ದರು.

ಹದಿನೈದು ದಿನ ಕಳೆದ ಮೇಲೆ ಒಂದು ಭಾನುವಾರ ಹೋದೆ. ಅವರ ಹೆಂಡತಿ ಗಂಗುಬಾಯಿ ಅಂಗಳದಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ನಾನು ಹೆಸರು ಹೇಳುವ ಮೊದಲೇ, "ಇಶ್ರತ್ ಏನವ್ವ? ಬಾ, ನೆರಳಿಗಿ ಕೂಡು" ಎಂದು ಕಂಬಳಿ ಹಾಸಿದರು. ಚಹಾ ಮಾಡಿಕೊಟ್ಟರು. ನಾನು ಕಪ್ಪನ್ನು ಮುಂದೆಯೇ ಇಟ್ಟುಕೊಂಡು ಕುಳಿತೆ.

"ಒಂದ್ ಮಾತು ಕೇಳ್ಲೇನವ್ವ?" ಎಂದರು. "ಮ್ಯಾಲ ಹತ್ತಾಕ ಅಂತ ಬ್ಯಾರೆ ಒಂದು ಜೋಡು ಕೊಟ್ಟಿದ್ರ ನಡೀತಿದ್ದಿಲ್ಲೇನು? ಹೊರಗಿನ ಮಣ್ಣು ಮುಟ್ಟದಂಥವು. ದೇವರ ನೀರಿಗಿ ನಾವು ಬ್ಯಾರೆ ತಂಬಿಗಿ ಇಡ್ತೀವಲ್ಲ, ಹಂಗ. ನಾನಽ ತೊಳ್ದು ಕೊಡ್ತಿದ್ದೆ. ಹಾಕ್ಕೊತಿದ್ರು ಅವ್ರು."

ಮೂರು ವರ್ಷ ಓದಿದ್ದೆ. ಹಲಗೆ ತೂಗುಹಾಕಿದ್ದೆ, ಹೆಸರು ಬರೆದಿದ್ದೆ, ಭಾಷಣ ಮಾಡಿದ್ದೆ. ಹಾಗಾದರೆ ಏನು ಮಾಡೋಣ, ನೀವೇ ಹೇಳಿ ಎಂದು ಆ ಮನುಷ್ಯರನ್ನು ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಒಂದು ನಿಮಿಷದ ಮಾತು.

"ಕಾಕಿ, ನಾ ಒಂದು ಹೇಳ್ಬೇಕ್ರಿ" ಎಂದೆ. "ಕಾಕಾ ಬರಿಗಾಲಲೆ ಥಪ್ಪಿ ಮ್ಯಾಲ ನಿಂತದ್ದು ನಾ ನೋಡಿದ್ದೆ. ನೋಡಿ ಸುಮ್ಮ ಹೋದೆ."

"ಗೊತ್ತದವ್ವ. ಅವತ್ತು ಮನಿಗಿ ಬಂದವ್ರು ಭಾಳ ಖುಷಿ ಇದ್ರು. 'ಇಶ್ರತ್ ನೋಡಿದಳು, ಏನೂ ಅನ್ಲಿಲ್ಲ. ನಮ್ಮ ಮನಸಾಗಿಂದು ತಿಳ್ಕೊಂಡಳು ಹುಡುಗಿ' ಅಂದ್ರು. ಎರಡು ರೊಟ್ಟಿ ಜಾಸ್ತಿ ಉಂಡ್ರು." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಮೊಳಿ ನಟ್ಟಾಗ ದವಾಖಾನಿಗಿ ನಡೀರಿ ಅಂತ ನಾ ಅತ್ತೆ. ಬ್ಯಾಡ ಅಂದ್ರು. 'ಮಾತು ಹೊರಗ ಬಿದ್ರ ಆ ಹುಡುಗಿಗಿ ಬಯ್ಯತಾರ. ನನ್ನ ಮ್ಯಾಲ ಭರೋಸಾ ಇಟ್ಟು ಸುಮ್ಮ ಹೋಗ್ಯಾಳ' ಅಂದ್ರು."

ನಾನು ಅತ್ತುಬಿಟ್ಟೆ. ಅಳುತ್ತಲೇ, "ಇಲ್ರಿ ಕಾಕಿ, ನಾ ತಿಳ್ಕೊಂಡು ಹೋಗಿದ್ದಿಲ್ರಿ. ಮರುದಿನ ತಪಾಸಣೆ ಇತ್ತು. ಆ ಪ್ರಶಸ್ತಿ ತಪ್ತದ ಅಂತ ಹೋದೆ" ಎಂದೆ.

ಬೈಯಲಿ, ಹೊಡೆಯಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಗಂಗುಬಾಯಿ ನನ್ನ ಮುಂದಿನ ಚಹಾದ ಕಪ್ಪು ಎತ್ತಿಕೊಂಡು, ಆರಿಹೋಗಿದ್ದನ್ನು ಅಂಗಳಕ್ಕೆ ಚೆಲ್ಲಿ ಎದ್ದು ನಿಂತರು.

"ಈ ಮಾತು ಯಾರ ಮುಂದನೂ ಆಡಬ್ಯಾಡವ್ವ" ಎಂದರು. "ಅವ್ರು ತಿಳ್ಕೊಂಡು ಹೋದದ್ದು ಹಂಗಽ ಇರ್ಲಿ."